ಶ್ರುತಿ ಮಾಡಿದ್ದಕ್ಕೇ ಚಪ್ಪಾಳೆ ಬಿದ್ದ ದಿನ: 1971ರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಗ್ಗೆ ಮಾತಾಡೋಣ

ಹಳೇ ತಟ್ಟೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಇಲ್ಲಿ ರಾಕ್ ಸಂಗೀತದ ದೊಡ್ಡ ಕ್ಷಣ ಯಾವುದು ಅಂತ ಮಾತು ಬಂದಿತ್ತು. ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಇಟ್ಟಿದ್ದು ಅಂದರು ಒಬ್ಬರು. ಬೀಟಲ್ಸ್ ಲಂಡನ್ನಿನ ತಾರಸಿ ಹತ್ತಿ ನುಡಿಸಿದ್ದು ಅಂದರು ಇನ್ನೊಬ್ಬರು. ನಾನು ಆಗ ಸುಮ್ಮನಿದ್ದೆ. ನನ್ನ ಉತ್ತರ ಸ್ವಲ್ಪ ಉದ್ದ, ಅದಕ್ಕೇ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ನನ್ನ ಪಾಲಿಗೆ ಆ ಕ್ಷಣ 1971ರ ಆಗಸ್ಟ್ 1, ಭಾನುವಾರ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮತ್ತು ಸಿತಾರ್ ವಾದಕ ಪಂಡಿತ್ ರವಿಶಂಕರ್ ಸೇರಿ ನಡೆಸಿದ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್'. ಮಧ್ಯಾಹ್ನ ಒಂದು ಪ್ರದರ್ಶನ, ರಾತ್ರಿ ಒಂದು. ಎರಡೂ ಸೇರಿ ಸುಮಾರು 40,000 ಜನ ಬಂದಿದ್ದರು.

ಅದರ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ನಮ್ಮ ಮನೆಯಲ್ಲಿದೆ. ಸೋದರಮಾವ ಕೊಟ್ಟಿದ್ದು. ಮೂರು ತಟ್ಟೆಗಳ ಪೆಟ್ಟಿಗೆ. ಮೇಲೆ ಖಾಲಿ ಪಾತ್ರೆಯ ಮುಂದೆ ಕೂತ ಮಗುವಿನ ಚಿತ್ರ. ಚಿಕ್ಕವನಿದ್ದಾಗ ಆ ಚಿತ್ರ ನೋಡಲಾಗದೆ ಪೆಟ್ಟಿಗೆಯನ್ನು ಬೋರಲು ಇಡುತ್ತಿದ್ದೆ. ಮೊದಲ ತಟ್ಟೆಯ ಮೊದಲ ಮಗ್ಗುಲಲ್ಲಿ ರಾಕ್ ಹಾಡು ಒಂದೂ ಇಲ್ಲ. ಅದು ಪೂರ್ತಿ ಸಿತಾರ್, ಸರೋದ್, ತಬಲಾ, ತಂಬೂರಿ. ಮೊದಲು ಹ್ಯಾರಿಸನ್ ಮಾತು. ಈ ಸಂಗೀತ ನಮ್ಮದಕ್ಕಿಂತ ಸ್ವಲ್ಪ ಗಂಭೀರ, ದಯವಿಟ್ಟು ಸಮಾಧಾನವಾಗಿ ಕೇಳಿ ಅಂತ ಜನರನ್ನು ಕೇಳಿಕೊಳ್ಳುತ್ತಾರೆ. ರವಿಶಂಕರ್ ಮಾತಾಡಿ, ನುಡಿಸುವಾಗ ಸಿಗರೇಟು ಸೇದಬೇಡಿ ಅನ್ನುತ್ತಾರೆ. ಆಮೇಲೆ ತಂತಿ ಮೀಟುವುದು, ಬಿರಡೆ ತಿರುಗಿಸುವುದು, ಮತ್ತೆ ಮೀಟುವುದು. ಸುಮಾರು ಒಂದೂವರೆ ನಿಮಿಷ. ನಿಲ್ಲಿಸುತ್ತಾರೆ. ಅಷ್ಟಕ್ಕೇ ಇಡೀ ಸಭಾಂಗಣ ಚಪ್ಪಾಳೆ ಹೊಡೆಯುತ್ತದೆ.

ಆಗ ರವಿಶಂಕರ್ ಹೇಳಿದ ಮಾತು ಬಹಳ ಜನಕ್ಕೆ ಗೊತ್ತು. ಶ್ರುತಿ ಸೇರಿಸಿದ್ದೇ ಇಷ್ಟು ಹಿಡಿಸಿದ್ದರೆ, ನುಡಿಸುವುದು ಇನ್ನೂ ಹಿಡಿಸೀತು ಅಂತ.

ಈ ಪ್ರಸಂಗವನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಪಾಪ, ಅಮೆರಿಕದವರಿಗೆ ಶ್ರುತಿ ಯಾವುದು, ಸಂಗೀತ ಯಾವುದು ಗೊತ್ತಾಗಲಿಲ್ಲ ಅಂತ. ನಾನೂ ಅದನ್ನೇ ಕೇಳಿ ಬೆಳೆದವನು. ಆದರೆ ಈಗ ನನಗೆ ನಗು ಬರುವುದಿಲ್ಲ. ಅವರು ಬಂದಿದ್ದು ಹ್ಯಾರಿಸನ್, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಬೀಟಲ್ಸ್‌ನ ಡ್ರಮ್ ವಾದಕ ರಿಂಗೋ ಸ್ಟಾರ್ ನೋಡಲು. ಹಾಗೆ ಬಂದವರು ಒಂದೂವರೆ ನಿಮಿಷ ಗಲಾಟೆ ಮಾಡದೆ ತಂತಿ ತಂತಿಗೆ ಸೇರುವುದನ್ನು ಕೇಳಿದರು. ಇಷ್ಟವಾಯಿತು, ಚಪ್ಪಾಳೆ ಹೊಡೆದರು. ರಾಕ್ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಕ್ಷಣ ಇಲ್ಲ. ನಿಮಗೆ ಏನನ್ನಿಸುತ್ತದೆ?


ಗಿಟಾರ್ ಗೆಳೆಯ (ಬೆಂಗಳೂರು)

ಸರ್, ಆ ಆಲ್ಬಮ್ ನನ್ನ ಪ್ರಾಣ. ಆದರೆ ನಿಮ್ಮ ಮಾತು ಒಪ್ಪಲು ಕಷ್ಟ. ಆ ದಿನದ ದೊಡ್ಡ ಕ್ಷಣ ಗಾಯಕ ಬಾಬ್ ಡಿಲನ್ ವೇದಿಕೆಗೆ ಬಂದಿದ್ದು.

ಸ್ವಲ್ಪ ಯೋಚನೆ ಮಾಡಿ. 1966ರ ಜುಲೈನಲ್ಲಿ ಡಿಲನ್‌ಗೆ ಮೋಟಾರ್‌ಸೈಕಲ್ ಅಪಘಾತ ಆಗಿತ್ತು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಅವರು ವೇದಿಕೆ ಹತ್ತಿದ್ದೇ ಅಪರೂಪ. ಈ ಕಾರ್ಯಕ್ರಮಕ್ಕೆ ಬರುತ್ತಾರೋ ಇಲ್ಲವೋ ಅನ್ನುವುದು ಕೊನೆ ಗಳಿಗೆವರೆಗೂ ಯಾರಿಗೂ ಖಾತ್ರಿ ಇರಲಿಲ್ಲ. ಹ್ಯಾರಿಸನ್ ತಮ್ಮ ಗಿಟಾರಿಗೆ ಹಾಡುಗಳ ಪಟ್ಟಿ ಅಂಟಿಸಿಕೊಂಡಿದ್ದರು. ಅದರಲ್ಲಿ ಒಂದು ಕಡೆ 'ಬಾಬ್' ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದರು! 'ಹಿಯರ್ ಕಮ್ಸ್ ದಿ ಸನ್' ಹಾಡು ಮುಗಿಸಿ ತಿರುಗಿ ನೋಡುತ್ತಾರೆ, ಡಿಲನ್ ಗಿಟಾರ್ ಹಿಡಿದು, ಕೊರಳಿಗೆ ಹಾರ್ಮೋನಿಕಾ ತಗುಲಿಸಿಕೊಂಡು ಬರುತ್ತಿದ್ದಾರೆ. ಹ್ಯಾರಿಸನ್ ಗಿಟಾರ್, ಲಿಯಾನ್ ರಸೆಲ್ ಬೇಸ್, ರಿಂಗೋ ಕೈಯಲ್ಲಿ ಟ್ಯಾಂಬರೀನ್. ಐದು ಹಾಡು. ಇಡೀ ಡ್ರಮ್ ಸೆಟ್ ಬಿಟ್ಟು ಟ್ಯಾಂಬರೀನ್ ಹಿಡಿದು ನಿಂತ ರಿಂಗೋ ನೋಡಿದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಇನ್ನು ಶ್ರುತಿಗೆ ಚಪ್ಪಾಳೆ ಬಿದ್ದಿದ್ದು ಗೊತ್ತಿಲ್ಲದೆ ಬಿದ್ದದ್ದು. ಹಾಡು ಮುಗಿಯಿತು ಅಂದುಕೊಂಡರು, ಅಷ್ಟೇ. ಅದಕ್ಕೆ ಅಷ್ಟು ದೊಡ್ಡ ಅರ್ಥ ಕೊಡಬೇಕಾ?


ತಂಬೂರಿ ತಂತಿ (ಧಾರವಾಡ)

ಗಿಟಾರ್ ಗೆಳೆಯರೇ, ಗೊತ್ತಿಲ್ಲದೆ ಹೊಡೆದ ಚಪ್ಪಾಳೆ ತಪ್ಪು ಚಪ್ಪಾಳೆ ಅಂತ ಯಾಕೆ ಅಂದುಕೊಳ್ಳಬೇಕು?

ನಾನು ಹತ್ತು ವರ್ಷದವಳಿದ್ದಾಗ ಹಾಡಲು ಕಲಿಯೋಕೆ ಹೋದೆ. ಮೊದಲ ಎರಡು ತಿಂಗಳು ನಮ್ಮ ಗುರುಗಳು ಏನೂ ಹಾಡಿಸಲಿಲ್ಲ. ತಂಬೂರಿ ಮುಂದೆ ಕೂರಿಸಿ, 'ಕೇಳು' ಅನ್ನುತ್ತಿದ್ದರು. ಮಣಿ ಸರಿಸುತ್ತಿದ್ದರು, ತಂತಿಯಡಿಯ ಜೀವಾಳಿಯ ದಾರವನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತಿದ್ದರು. ಒಂದು ಹಂತದಲ್ಲಿ ನಾಲ್ಕು ತಂತಿ ಒಂದೇ ದನಿಯಾಗಿ ಗುಂಯ್ ಅನ್ನುತ್ತಿತ್ತು. ಆ ಕ್ಷಣಕ್ಕೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಶ್ರುತಿ ಸೇರಿದ್ದು ಮೈಗೆ ಗೊತ್ತಾಗುತ್ತದೆ. ನ್ಯೂಯಾರ್ಕಿನ ಜನಕ್ಕೂ ಮೈ ಇತ್ತಲ್ವಾ?

ಇನ್ನೊಂದು ಮಾತು. ಆ ದಿನದ ಬಗ್ಗೆ ಬರೆಯುವವರು ರವಿಶಂಕರ್, ಸರೋದಿನ ಅಲಿ ಅಕ್ಬರ್ ಖಾನ್, ತಬಲಾದ ಅಲ್ಲಾ ರಖಾ ಅಂತ ಮೂರು ಹೆಸರು ಹೇಳಿ ನಿಲ್ಲಿಸುತ್ತಾರೆ. ವೇದಿಕೆ ಮೇಲೆ ನಾಲ್ಕು ಜನ ಇದ್ದರು. ತಂಬೂರಿ ಹಿಡಿದವರು ಕಮಲಾ ಚಕ್ರವರ್ತಿ. ಎಲ್ಲರೂ ಯಾವ ಷಡ್ಜಕ್ಕೆ ಸೇರಿಸಿಕೊಂಡರೋ ಆ ಷಡ್ಜವನ್ನು ಕೊನೆವರೆಗೂ ಕಾಯ್ದವರು ಅವರು. ಅವರ ಹೆಸರೂ ಇಲ್ಲಿ ಬರಬೇಕು ಅನ್ನಿಸಿತು, ಅದಕ್ಕೇ ಬರೆದೆ.


ಹಳೇ ತಟ್ಟೆ (ಮೈಸೂರು)

ಮೇಡಂ, ನಿಜ. ನಾನೂ ಅವರ ಹೆಸರು ಬಿಟ್ಟಿದ್ದೆ. ತಪ್ಪಾಯಿತು. ನೆನಪಿಸಿದ್ದಕ್ಕೆ ಧನ್ಯವಾದ.


ಹೊಸ ಕಿವಿ (ಹಾಸನ)

ನಾನು ಡಿಗ್ರಿ ಎರಡನೇ ವರ್ಷ. ಇಲ್ಲಿ ಎಲ್ಲರೂ ದೊಡ್ಡವರು, ತಪ್ಪು ಕೇಳಿದ್ದರೆ ತಿದ್ದಿ.

ನನಗೆ ಗೊತ್ತಿರುವುದು ಲೈವ್ ಏಡ್. 1985ರ ಜುಲೈ 13, ಲಂಡನ್ನಿನ ವೆಂಬ್ಲಿಯಲ್ಲಿ ಕ್ವೀನ್ ತಂಡ ನುಡಿಸಿದ ಆ 21 ನಿಮಿಷ ನೂರು ಸಲ ನೋಡಿದ್ದೇನೆ. ಬರಗಾಲಕ್ಕೆ ದುಡ್ಡು ಎತ್ತಲು ರಾಕ್ ಕಾರ್ಯಕ್ರಮ ಮಾಡಿದ್ದು ಅದೇ ಮೊದಲು ಅಂದುಕೊಂಡಿದ್ದೆ. ಅದಕ್ಕೂ 14 ವರ್ಷ ಮುಂಚೆ ಇದು ಆಗಿತ್ತು ಅನ್ನುವುದು ಈಗ ಗೊತ್ತಾಯಿತು.

ಒಂದು ಪ್ರಶ್ನೆ. ಹ್ಯಾರಿಸನ್ ಇಂಗ್ಲೆಂಡಿನವರು. ಕಾರ್ಯಕ್ರಮ ಆಗಿದ್ದು ಅಮೆರಿಕದಲ್ಲಿ. ಬಾಂಗ್ಲಾದೇಶದ ವಿಷಯ ಅವರಿಗೆ ಹೇಗೆ ಹೊಕ್ಕಿತು?


ಹಳೇ ತಟ್ಟೆ (ಮೈಸೂರು)

ಒಳ್ಳೇ ಪ್ರಶ್ನೆ ತಮ್ಮಾ. ಇದಕ್ಕೆ ಉತ್ತರ ಗೊತ್ತಾಗದಿದ್ದರೆ ಆ ಸಂಗೀತದ ಅರ್ಧ ಕೇಳಿಸುವುದಿಲ್ಲ.

1970ರ ನವೆಂಬರ್ 12ರ ರಾತ್ರಿ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಕರಾವಳಿಗೆ ಭೋಲಾ ಚಂಡಮಾರುತ ಬಡಿಯಿತು. ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. ಮರುವರ್ಷ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾದಲ್ಲಿ ತನ್ನದೇ ಜನರ ಮೇಲೆ ಬಿತ್ತು. ಊರೂರೇ ಗಂಟು ಮೂಟೆ ಕಟ್ಟಿ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ, ತ್ರಿಪುರಾಕ್ಕೆ, ಅಸ್ಸಾಮಿಗೆ ಬಂತು. ಆ ವರ್ಷ ಮುಗಿಯುವಷ್ಟರಲ್ಲಿ ನಮ್ಮ ದೇಶಕ್ಕೆ ಬಂದ ನಿರಾಶ್ರಿತರು ಸುಮಾರು 1 ಕೋಟಿ. ಮಳೆಗಾಲದಲ್ಲಿ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಮಕ್ಕಳೇ ಜಾಸ್ತಿ ಸತ್ತರು.

ರವಿಶಂಕರ್ ಹುಟ್ಟಿದ್ದು ಕಾಶಿಯಲ್ಲಿ. ಆದರೆ ತಂದೆಯ ಊರು ಪೂರ್ವ ಬಂಗಾಳದ ನಡಾಯಿಲ್ ಕಡೆ. ಅವರ ಗುರು ಉಸ್ತಾದ್ ಅಲ್ಲಾವುದ್ದೀನ್ ಖಾನ್ ಮೂಲ ಬ್ರಾಹ್ಮಣಬಾರಿಯಾ, ಅದೂ ಅಲ್ಲೇ. ಸರೋದ್ ನುಡಿಸಿದ ಅಲಿ ಅಕ್ಬರ್ ಖಾನ್ ಆ ಗುರುವಿನ ಮಗ. ಅಂದರೆ ಅವತ್ತು ವೇದಿಕೆ ಮೇಲೆ ಸಿತಾರ್ ಹಿಡಿದವರಿಗೂ ಸರೋದ್ ಹಿಡಿದವರಿಗೂ ಅದು ತಮ್ಮ ಮನೆಯ ಸಾವು. ಇಬ್ಬರೂ ನುಡಿಸಿದ್ದು 'ಬಾಂಗ್ಲಾ ಧುನ್'. ಬಂಗಾಳದ ಹಳ್ಳಿಯ ಹಾಡಿನ ಎಳೆ ಹಿಡಿದ ಧುನ್ ಅದು. ಕೊನೆಗೆ ಸಿತಾರ್ ಒಂದು ಮಾತು ಕೇಳುತ್ತದೆ, ಸರೋದ್ ಉತ್ತರ ಕೊಡುತ್ತದೆ. ಪ್ರಶ್ನೆ ಚಿಕ್ಕದಾಗುತ್ತಾ ಹೋಗುತ್ತದೆ, ಉತ್ತರವೂ ಚಿಕ್ಕದಾಗುತ್ತದೆ, ಕೊನೆಗೆ ಎರಡೂ ಒಟ್ಟಿಗೆ ಓಡುತ್ತವೆ. ಸವಾಲ್ ಜವಾಬ್ ಬೇರೆ ಕಚೇರಿಗಳಲ್ಲೂ ಕೇಳಿದ್ದೇನೆ. ಊರು ಬಿಟ್ಟವರ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೇಳಿದರೆ ಬೇರೆಯೇ ಥರ ಕೇಳಿಸುತ್ತದೆ.

1971ರ ಬೇಸಿಗೆಯಲ್ಲಿ ರವಿಶಂಕರ್ ಮತ್ತು ಹ್ಯಾರಿಸನ್ ಇಬ್ಬರೂ ಲಾಸ್ ಏಂಜಲೀಸ್‌ನಲ್ಲಿದ್ದರು. ರವಿಶಂಕರ್ ಅಂದುಕೊಂಡಿದ್ದು ಸಣ್ಣ ಕಚೇರಿ, ಒಂದು 25,000 ಡಾಲರ್ ಬಂದರೆ ಸಾಕು ಅಂತ. ಹ್ಯಾರಿಸನ್‌ಗೆ ವಿಷಯ ಹೇಳಿದರು, ಪತ್ರಿಕೆಯ ತುಣುಕುಗಳನ್ನು ಕೊಟ್ಟರು. ಹ್ಯಾರಿಸನ್ ಫೋನ್ ಹಿಡಿದು ಕೂತರು. ಐದಾರು ವಾರದಲ್ಲಿ ಎಲ್ಲ ಜೋಡಿಸಿದರು. ಗಾರ್ಡನ್‌ನಲ್ಲಿ ಬಿಡುವಿದ್ದ ದಿನ ಆಗಸ್ಟ್ 1, ಅದನ್ನೇ ಹಿಡಿದರು. ಮೊದಲ ಪ್ರದರ್ಶನದ ಟಿಕೆಟ್ ಬೇಗ ಖಾಲಿಯಾಗಿ ಎರಡನೆಯದನ್ನು ಸೇರಿಸಬೇಕಾಯಿತು.

ಇನ್ನೂ ಒಂದು ವಿಷಯ ಇದೆ. ಆಗ ಬಾಂಗ್ಲಾದೇಶ ಅನ್ನುವ ಹೆಸರಿನ ದೇಶವನ್ನು ಯಾವ ಸರ್ಕಾರವೂ ಒಪ್ಪಿರಲಿಲ್ಲ. ಅಮೆರಿಕದ ನಿಕ್ಸನ್ ಸರ್ಕಾರ ಪಾಕಿಸ್ತಾನದ ಪರ ಇತ್ತು. ನಮ್ಮ ದೇಶ ಕೂಡ ಮಾನ್ಯತೆ ಕೊಟ್ಟಿದ್ದು ಡಿಸೆಂಬರ್ 6ಕ್ಕೆ. ಅದಕ್ಕೂ ನಾಲ್ಕು ತಿಂಗಳು ಮುಂಚೆ ನ್ಯೂಯಾರ್ಕಿನ ನಟ್ಟನಡುವೆ, ದೊಡ್ಡ ಸಭಾಂಗಣದಲ್ಲಿ, ಆ ಹೆಸರಿನಲ್ಲೇ ಕಾರ್ಯಕ್ರಮ ನಡೆಯಿತು. ಅದೇ ಹೆಸರಿನ ಹಾಡನ್ನು ಹ್ಯಾರಿಸನ್ ಕಾರ್ಯಕ್ರಮದ ಕೊನೆಗೆ ಹಾಡಿದರು. ಬರೀ ಸಂಗೀತ ಅಂತ ನಾನು ಹೇಗೆ ಹೇಳಲಿ?


ರೈಲು ದಾರಿ (ನ್ಯೂಜೆರ್ಸಿ)

ನಾನು ಚಿಕ್ಕಮಗಳೂರಿನವನು, 16 ವರ್ಷದಿಂದ ಇಲ್ಲಿದ್ದೇನೆ. ದಿನಾ ರೈಲಿನಲ್ಲಿ ಪೆನ್ ಸ್ಟೇಷನ್‌ಗೆ ಬಂದು ಇಳಿಯುತ್ತೇನೆ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇರುವುದು ಅದೇ ನಿಲ್ದಾಣದ ತಲೆ ಮೇಲೆ. 1968ರಲ್ಲಿ ತೆರೆದ ಕಟ್ಟಡ, ಇವತ್ತಿಗೂ ಅದೇ. ಒಳಗೆ ಬಹಳ ಬದಲಾಗಿದೆ, ಆದರೆ ಆ ದುಂಡು ಗೋಡೆ ಹಾಗೇ ಇದೆ.

ಈ ಚರ್ಚೆ ಓದಿದ ಮೇಲೆ ಮೊನ್ನೆ ಸಂಜೆ ಮನೆಗೆ ಹೊರಟವನು ಪ್ಲಾಟ್‌ಫಾರ್ಮ್ ನಂಬರ್ ಬರುವುದಕ್ಕೆ ಕಾಯುತ್ತಾ ನಿಂತಿದ್ದೆ. ಸಾವಿರಾರು ಜನ ತಲೆ ಎತ್ತಿ ಬೋರ್ಡ್ ನೋಡುತ್ತಿದ್ದರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಾಂಗ್ಲಾ ಧುನ್ ಹಚ್ಚಿದೆ. ಇದು ನನ್ನ ತಲೆ ಮೇಲೇ ನುಡಿದದ್ದು ಅನ್ನುವುದು ಆಗ ಹೊಳೆಯಿತು. ಎಷ್ಟೊಂದು ವರ್ಷ ಅದರ ಕೆಳಗೇ ಓಡಾಡಿದ್ದೇನೆ.

ರೈಲು ತಪ್ಪಿತು. ಮುಂದಿನದು 25 ನಿಮಿಷ ಬಿಟ್ಟು. ಧುನ್ ಪೂರ್ತಿ ಕೇಳಿಕೊಂಡೇ ಹೋದೆ.


ಖಾತೆ ಕಿರ್ದಿ (ಹುಬ್ಬಳ್ಳಿ)

ನನ್ನ ಕಸುಬು ಲೆಕ್ಕಪತ್ರ. ಅದಕ್ಕೇ ನನಗೆ ಕಾಡುವ ಪ್ರಶ್ನೆ, ದುಡ್ಡು ಮುಟ್ಟಿತಾ?

ಟಿಕೆಟ್‌ನಿಂದ ಬಂದ ದುಡ್ಡು 2,43,418 ಡಾಲರ್ 50 ಸೆಂಟ್. ಅದು ಬೇಗನೇ ಯುನಿಸೆಫ್‌ಗೆ ಹೋಯಿತು. ರವಿಶಂಕರ್ ಬಯಸಿದ್ದರ ಹತ್ತರಷ್ಟು ಹತ್ತಿರ. ಇಲ್ಲಿವರೆಗೆ ಎಲ್ಲ ಚೆಂದ.

ದೊಡ್ಡ ದುಡ್ಡು ಬಂದಿದ್ದು ಆಲ್ಬಮ್ ಮತ್ತು ಸಿನಿಮಾದಿಂದ. ತೊಡಕು ಆಗಿದ್ದೂ ಅಲ್ಲೇ. ಎಲ್ಲವನ್ನೂ ಐದಾರು ವಾರದಲ್ಲಿ ಜೋಡಿಸಿದ್ದಲ್ವಾ? ಧರ್ಮಕಾರ್ಯ ಅಂತ ಮುಂಚೆಯೇ ಮಾಡಿಸಬೇಕಾದ ಕಾಗದಪತ್ರ ಆಗಿರಲಿಲ್ಲ. ಆದ್ದರಿಂದ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕೊಡಲಿಲ್ಲ. ಬಹಳಷ್ಟು ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಬ್ರಿಟನ್ ಸರ್ಕಾರವೂ ಎಲ್‌ಪಿ ಮೇಲಿನ ಖರೀದಿ ತೆರಿಗೆ ಬಿಡಲಿಲ್ಲ. ಹ್ಯಾರಿಸನ್ ಖುದ್ದಾಗಿ ಹೋಗಿ ಕೇಳಿದರೂ ಬಿಡಲಿಲ್ಲ.

ಆಲ್ಬಮ್ ಹೊರಬರುವುದೂ ಸಲೀಸಾಗಿರಲಿಲ್ಲ. ಇಷ್ಟೊಂದು ಕಲಾವಿದರು, ಒಬ್ಬೊಬ್ಬರದು ಒಂದೊಂದು ಕಂಪನಿ. ಹಂಚಿಕೆ ಮಾಡಬೇಕಿದ್ದ ಕ್ಯಾಪಿಟಲ್ ಕಂಪನಿ ಜತೆ ದುಡ್ಡಿನ ವಿಷಯಕ್ಕೆ ಎಳೆದಾಟ ನಡೆಯಿತು. ಹ್ಯಾರಿಸನ್ ಟೀವಿ ಕಾರ್ಯಕ್ರಮದಲ್ಲೇ ಇದನ್ನು ಬಹಿರಂಗವಾಗಿ ಹೇಳಿಬಿಟ್ಟರು. ಆಗ ಕ್ಯಾಪಿಟಲ್ ಮುಖ್ಯಸ್ಥರಾಗಿದ್ದವರು ಭಾಸ್ಕರ್ ಮೆನನ್, ನಮ್ಮ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದಿಂದ ಹೋದವರು. ಕೊನೆಗೆ ಕಂಪನಿ ಮಣಿಯಿತು. ಅಮೆರಿಕದಲ್ಲಿ ಆಲ್ಬಮ್ ಬಂದಿದ್ದು 1971ರ ಡಿಸೆಂಬರ್ 20ಕ್ಕೆ. ಅದಕ್ಕೆ ನಾಲ್ಕೇ ದಿನ ಹಿಂದೆ, 16ಕ್ಕೆ, ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗಿತ್ತು. ಹಾಡು ಶುರುವಾದಾಗ ಇರದಿದ್ದ ದೇಶ, ತಟ್ಟೆ ಅಂಗಡಿಗೆ ಬರುವಷ್ಟರಲ್ಲಿ ಇತ್ತು.

1985ರ ಹೊತ್ತಿಗೆ ಸುಮಾರು 1.2 ಕೋಟಿ ಡಾಲರ್ ಬಾಂಗ್ಲಾದೇಶಕ್ಕೆ ಹೋಗಿತ್ತು. ಅಂದರೆ ಮುಟ್ಟಿತು. ಆದರೆ ತಡವಾಗಿ ಮುಟ್ಟಿತು. ಕಾಲರಾ ಬಂದ ಮಗು ತೆರಿಗೆ ಇಲಾಖೆಯ ತೀರ್ಮಾನಕ್ಕೆ ಕಾಯುವುದಿಲ್ಲ. ನಮ್ಮೂರಿನಲ್ಲಿ ಪ್ರವಾಹಕ್ಕೆ ಅಂತ ದುಡ್ಡು ಎತ್ತುವ ಹುಡುಗರು ನನ್ನ ಹತ್ತಿರ ಬಂದರೆ ನಾನು ಮೊದಲು ಕೇಳುವುದು ಒಂದೇ, ರಸೀದಿ ಪುಸ್ತಕ ಯಾರ ಹೆಸರಲ್ಲಿ ಮಾಡಿಸಿದ್ದೀರಿ ಅಂತ. ಅವರಿಗೆ ಸಿಟ್ಟು ಬರುತ್ತದೆ. ಬರಲಿ. ನಾನು ಆ ಮಕ್ಕಳನ್ನು ನೆನೆಸಿಕೊಂಡೇ ಕೇಳುವುದು.


ಹೊಸ ಕಿವಿ (ಹಾಸನ)

ಸರ್, ಈ ಲೆಕ್ಕದ ಕತೆ ಇಷ್ಟು ಗಟ್ಟಿಯಾಗಿರುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಹ್ಯಾರಿಸನ್ ಸೋತರು ಅನ್ನಬೇಕಾ?


ಖಾತೆ ಕಿರ್ದಿ (ಹುಬ್ಬಳ್ಳಿ)

ಖಂಡಿತ ಇಲ್ಲಪ್ಪ. ಅವರಿಗಿಂತ ಮುಂಚೆ ಇಷ್ಟು ದೊಡ್ಡ ಮಟ್ಟದಲ್ಲಿ ರಾಕ್‌ನವರು ಯಾರೂ ಮಾಡಿರಲಿಲ್ಲ. ಮೊದಲು ನೇಗಿಲು ಹೂಡಿದವನಿಗೇ ಕಲ್ಲು ಸಿಗುವುದು.


ಗಿಟಾರ್ ಗೆಳೆಯ (ಬೆಂಗಳೂರು)

ಹ್ಯಾರಿಸನ್ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಬೀಟಲ್ಸ್‌ನ ಕೊನೆಯ ಟಿಕೆಟ್ ಕಾರ್ಯಕ್ರಮ 1966ರ ಆಗಸ್ಟ್ 29, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿಂದ ಐದು ವರ್ಷ ಅವರು ಇಂಥ ದೊಡ್ಡ ಸಭೆಯ ಮುಂದೆ ನಡುವೆ ನಿಂತು ಹಾಡಿರಲಿಲ್ಲ. ಬೀಟಲ್ಸ್‌ನಲ್ಲಿದ್ದಾಗಲೂ ನಡುವೆ ನಿಲ್ಲುತ್ತಿದ್ದವರು ಲೆನನ್ ಮತ್ತು ಮೆಕಾರ್ಟ್ನಿ. ಅವತ್ತು ಅವರಿಬ್ಬರೂ ಬರಲಿಲ್ಲ, ರಿಂಗೋ ಮಾತ್ರ ಬಂದರು. ನಾಚಿಕೆ ಸ್ವಭಾವದ ಮನುಷ್ಯ ಬಿಳಿ ಸೂಟ್ ಹಾಕಿಕೊಂಡು ಎಲ್ಲರ ಮುಂದೆ ನಿಂತು ಇಡೀ ಕಾರ್ಯಕ್ರಮವನ್ನು ಹೆಗಲ ಮೇಲೆ ಹೊತ್ತರು. ಅವರೇನೂ ಭಾಷಣ ಮಾಡುವವರಲ್ಲ. ಗೆಳೆಯ ಕೇಳಿದ, ಮಾಡಿದರು.

ಕ್ಲಾಪ್ಟನ್ ಕತೆಯೂ ಇದೆ. ಆಗ ಅವರು ಹೆರಾಯಿನ್ ಚಟದಲ್ಲಿ ಮುಳುಗಿದ್ದರು, ಅದನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ. ಅಭ್ಯಾಸಕ್ಕೆ ಸರಿಯಾಗಿ ಬರಲಾಗಲಿಲ್ಲ. ಅವರು ನುಡಿಸಲಾಗದಿದ್ದರೆ ಇರಲಿ ಅಂತ ಗಿಟಾರ್ ವಾದಕ ಜೆಸ್ಸಿ ಎಡ್ ಡೇವಿಸ್ ಅವರನ್ನು ಕರೆಸಿದ್ದರು. ಕೊನೆಗೆ ಇಬ್ಬರೂ ನುಡಿಸಿದರು. 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಹಾಡಿಗೆ ಕ್ಲಾಪ್ಟನ್ ಹಿಡಿದದ್ದು ಹೊಟ್ಟೆ ಟೊಳ್ಳಿರುವ ಗಿಬ್ಸನ್. ಆ ಹಾಡಿಗೆ ಬೇಕಾದ ಉದ್ದನೆಯ ಅಳು ಆ ಗಿಟಾರಿನಲ್ಲಿ ಸುಲಭಕ್ಕೆ ಬರುವುದಿಲ್ಲ. ನಾನು ಒಂದು ಸಲ ಅಂಥದ್ದೇ ಗಿಟಾರಿನಲ್ಲಿ ಪ್ರಯತ್ನಪಟ್ಟೆ. ಸ್ವರ ಹಿಡಿದಿಡುವ ಮುಂಚೆಯೇ ಸತ್ತುಹೋಗುತ್ತದೆ. ಆದರೂ ಆ ಸ್ಥಿತಿಯಲ್ಲಿ ನಿಂತು ನುಡಿಸಿದ್ದಾರಲ್ಲ, ಕೇಳುವಾಗ ಕರುಳು ಚುರ್ ಅನ್ನುತ್ತದೆ.

ಹ್ಯಾರಿಸನ್ ಸ್ಲೈಡ್ (ಗಿಟಾರ್ ತಂತಿ ಮೇಲೆ ಕೊಳವೆ ಜಾರಿಸುವುದು) ನುಡಿಸುವ ರೀತಿ ಕೇಳಿ, ಅದರಲ್ಲಿ ತಂತಿ ಎಳೆದು ಸ್ವರ ಜಾರಿಸುವ ಸಿತಾರಿನ ಮೀಂಡ್ ಇದೆ ಅನ್ನುವುದು ನನ್ನ ನಂಬಿಕೆ. 1966ರಲ್ಲಿ ಮುಂಬೈಗೆ ಬಂದು ರವಿಶಂಕರ್ ಹತ್ತಿರ ಕೂತು ಕಲಿತವರು ಅವರು. ಮುಂದೆ ಸಿತಾರ್ ಬಿಟ್ಟರು, ತಾನು ಒಳ್ಳೇ ಸಿತಾರ್ ವಾದಕ ಆಗಲಾರೆ ಅಂತ ಗೊತ್ತಾಗಿ. ಆದರೆ ಸ್ವರದಿಂದ ಸ್ವರಕ್ಕೆ ಜಾರುವುದು ಕೈಬಿಡಲಿಲ್ಲ.


ತಕಿಟ (ಶಿವಮೊಗ್ಗ)

ಎಲ್ಲರೂ ಸ್ವರದ ಬಗ್ಗೆಯೇ ಮಾತಾಡುತ್ತಿದ್ದೀರಿ. ತಾಳದ ಕಡೆಯಿಂದ ನಾನು ಬರುತ್ತೇನೆ. ಮೃದಂಗ ಕಲಿಸುತ್ತೇನೆ, ಮಕ್ಕಳು ಕೇಳಿಸುವ ಪಾಪ್ ಹಾಡೂ ಕೇಳುತ್ತೇನೆ.

ಆ ದಿನ ಹ್ಯಾರಿಸನ್ ಮತ್ತು ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಎರಡೇ ಗಿಟಾರ್ ಇಟ್ಟುಕೊಂಡು 'ಹಿಯರ್ ಕಮ್ಸ್ ದಿ ಸನ್' ನುಡಿಸಿದರು. ಅದರ ನಡುವಿನ ಭಾಗಕ್ಕೆ ಒಂದು ಸಲ ಕೈತಾಳ ಹಾಕಿ ನೋಡಿ. ಸುಮ್ನೆ ನಾಲ್ಕು ನಾಲ್ಕು ಎಣಿಸುತ್ತಾ ಹೋದರೆ ಜಾರಿ ಬೀಳುತ್ತೀರಿ. ಸ್ಟಾಫ್ ನೊಟೇಶನ್‌ನಲ್ಲಿ 11/8, 4/4, 7/8 ಅಂತ ಬರೆಯುತ್ತಾರೆ. 4/4 ಅಂದರೆ ಎಂಟು, ಹಾಗಾಗಿ ಕೂಡಿಸಿದರೆ 26 ಅಕ್ಷರ. ಆದಿತಾಳದ ಎಂಟರ ಲೆಕ್ಕಕ್ಕೆ ಅದು ಕೂರುವುದಿಲ್ಲ. ಆದರೆ ಒಳಗೆ ಮೂರು ಮೂರರ ಗುಂಪು ಸ್ಪಷ್ಟ ಕೇಳಿಸುತ್ತದೆ. ತಕಿಟ ತಕಿಟ ತಕಿಟ. ಒಂದೇ ಸೊಲ್ಲನ್ನು ಮೂರು ಸಲ ನುಡಿಸಿ ಮುಗಿಸುವುದಿದೆಯಲ್ಲ, ಹಿಂದೂಸ್ತಾನಿಯವರು ತಿಹಾಯಿ ಅನ್ನುವುದರ, ನಾವು ಮುಕ್ತಾಯ ಅನ್ನುವುದರ ನೆಂಟ ಅದು.

ನನ್ನ ಶಿಷ್ಯೆ ಒಬ್ಬಳಿಗೆ, ಹನ್ನೆರಡು ವರ್ಷ, ಈ ಭಾಗ ಹಾಕಿ ಎಣಿಸು ಅಂದೆ. ಎರಡು ಸಲ ತಪ್ಪಿದಳು. ಮೂರನೇ ಸಲ ಕಣ್ಣು ಮುಚ್ಚಿ ಬಾಯಲ್ಲಿ ಕೊನ್ನಕ್ಕೋಲ್ (ತಾಳದ ಸೊಲ್ಲು) ಹೇಳುತ್ತಾ ಸರಿಯಾಗಿ ಬಂದು ಇಳಿದಳು. ಆಮೇಲೆ ಕೇಳಿದಳು, 'ಮೇಷ್ಟ್ರೇ, ಇವರಿಗೆ ಯಾರು ಹೇಳಿಕೊಟ್ಟರು?' ನಾನು ಅಲ್ಲಾ ರಖಾ ಅವರ ತಬಲಾ ಹಾಕಿದೆ. ಅವತ್ತು ಪಾಠ ಮುಂದಕ್ಕೆ ಹೋಗಲಿಲ್ಲ, ಕೇಳುತ್ತಾ ಕೂತುಬಿಟ್ಟೆವು.


ತಂಬೂರಿ ತಂತಿ (ಧಾರವಾಡ)

ತಕಿಟ ಅವರೇ, ಎಷ್ಟು ಚಂದ ಹೇಳಿದಿರಿ.

ಆ ಚಪ್ಪಾಳೆಗೆ ಹಿಂದಿನ ಕತೆಯೂ ಇದೆ, ಅದನ್ನು ಹೇಳಬೇಕು. ರವಿಶಂಕರ್ ರಾಕ್ ಜನರ ನಡುವೆ ಕೂತದ್ದು ಅದೇ ಮೊದಲಲ್ಲ. 1967ರ ಜೂನ್ 18ರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ಗಂಟೆಗಟ್ಟಲೆ ನುಡಿಸಿದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದೇ ರಾತ್ರಿ ಅದೇ ವೇದಿಕೆಯಲ್ಲಿ 'ದಿ ಹೂ' ತಂಡದವರು ಗಿಟಾರ್ ಒಡೆದರು, ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದರು. ರವಿಶಂಕರ್‌ಗೆ ಅದು ಸಹಿಸಲಾಗಲಿಲ್ಲ. ನಮ್ಮಲ್ಲಿ ಆಯುಧಪೂಜೆಗೆ ವಾದ್ಯಕ್ಕೂ ಅರಿಸಿನ ಕುಂಕುಮ ಇಡುತ್ತೇವೆ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹೆಂಡ್ರಿಕ್ಸ್ ದೊಡ್ಡ ಕಲಾವಿದ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ, ಆದರೂ ಆ ಬೆಂಕಿಯನ್ನು ನಾನು ನೋಡಲಾರೆ.

1969ರ ಆಗಸ್ಟ್ 15ಕ್ಕೆ ವುಡ್‌ಸ್ಟಾಕ್ ಸಂಗೀತ ಉತ್ಸವ. ಮಳೆಯಲ್ಲಿ ನುಡಿಸಿದರು. ಕೆಸರಲ್ಲಿ ಬಿದ್ದುಕೊಂಡ ಜನರನ್ನು ನೋಡಿ ನಮ್ಮ ದೇಶದ ಎಮ್ಮೆಗಳು ನೆನಪಾದವು ಅಂತ ಮುಂದೆ ಹೇಳಿಕೊಂಡರು. ಅಲ್ಲಿ ಯಾರೂ ಕೇಳುತ್ತಿರಲಿಲ್ಲ ಅನ್ನುವ ನೋವು ಅವರಿಗೆ ಬಹಳ ಇತ್ತು.

ಅದಾಗಿ ಎರಡು ವರ್ಷಕ್ಕೆ ಮ್ಯಾಡಿಸನ್ ಸ್ಕ್ವೇರ್. ಸಿಗರೇಟು ಬೇಡ ಅಂತ ಯಾಕೆ ಕೇಳಿಕೊಂಡರು ಅನ್ನುವುದು ಈಗ ತಿಳಿಯುತ್ತದೆ ಅಲ್ವಾ? ಅವರು ಹೆದರಿಕೊಂಡೇ ಬಂದಿರಬೇಕು. ಮತ್ತೆ ಎಮ್ಮೆಗಳೇ ಸಿಗುತ್ತವೆ ಅಂತ. ಸಿಕ್ಕಿದ್ದು ಸುಮ್ಮನೆ ಕೂತು ಶ್ರುತಿಯನ್ನೂ ಕೇಳಿದ ಜನ. ಅವರ ಆ ಮಾತಿನಲ್ಲಿ ಚುಚ್ಚುವ ದನಿ ನನಗೆ ಕೇಳಿಸುವುದಿಲ್ಲ. ಹಗುರಾದ ಮನುಷ್ಯನ ದನಿ ಕೇಳಿಸುತ್ತದೆ. ಮತ್ತೆ ಹಾಕಿ ಕೇಳಿ, ಮಾತು ಮುಗಿಯುವಾಗ ದನಿಯಲ್ಲಿ ನಗು ಇದೆ.

ಅಂದಹಾಗೆ ನಮ್ಮ ದಕ್ಷಿಣದವರು ಅವರಿಗೆ ಋಣಿಗಳು. ಕೀರವಾಣಿ, ಚಾರುಕೇಶಿ, ಸಿಂಹೇಂದ್ರಮಧ್ಯಮ ಇಂಥ ಕರ್ನಾಟಕ ರಾಗಗಳನ್ನು ಉತ್ತರದ ಕೇಳುಗರಿಗೆ ಮುಟ್ಟಿಸಿದವರಲ್ಲಿ ಅವರು ದೊಡ್ಡವರು. ಬೇರೆಯವರ ಸಂಗೀತವನ್ನು ಕಿವಿಗೊಟ್ಟು ಕೇಳುವುದು ಅವರಿಗೆ ಗೊತ್ತಿತ್ತು.


ಗಿಟಾರ್ ಗೆಳೆಯ (ಬೆಂಗಳೂರು)

ಮೇಡಂ, ನಿನ್ನೆ ರಾತ್ರಿ ಮತ್ತೆ ಕೇಳಿದೆ. ನಗು ಇದೆ. ಹೌದು.

ಇನ್ನೊಂದು ನೆನಪಾಯಿತು. 2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನ, ಮೆಟಾಲಿಕಾ ರಾಕ್ ತಂಡದ ಕಾರ್ಯಕ್ರಮ. ನಾವು ಆರು ಜನ ಗೆಳೆಯರು ಮಧ್ಯಾಹ್ನದಿಂದ ನಿಂತಿದ್ದೆವು. ಕಾಲು ಸೋತಿತ್ತು, ನೀರು ಮುಗಿದಿತ್ತು. ಕತ್ತಲಾದ ಮೇಲೆ ವೇದಿಕೆ ಮೇಲೆ ಕಪ್ಪು ಟೀ ಶರ್ಟಿನ ಒಬ್ಬ ಕೆಲಸಗಾರ ಬಂದು ಗಿಟಾರ್ ಸರಿ ಇದೆಯಾ ಅಂತ ನೋಡಲು ಒಂದೇ ಒಂದು ಸಲ ತಂತಿ ಎಳೆದ. ಆ ದನಿ ಎದೆಗೆ ಬಂದು ಬಡಿಯಿತು. ನನ್ನ ಪಕ್ಕದ ಹುಡುಗ ಕೂಗಿದ, ನಾನೂ ಕೂಗಿದೆ, ಇಡೀ ಮೈದಾನ ಕೂಗಿತು. ಅವನು ಕೆಳ ತಂತಿ ಸ್ವಲ್ಪ ಬಿಗಿ ಮಾಡಿ ಇನ್ನೊಂದು ಸಲ ಎಳೆದ, ಮತ್ತೆ ಕೂಗಿದೆವು. ಅದು ಹಾಡಲ್ಲ ಅಂತ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೂಗಿದ್ದು.

ಆದ್ದರಿಂದ ನನ್ನ ಮೊದಲ ಮಾತು ವಾಪಸ್ ತಗೊಳ್ಳುತ್ತೇನೆ. ಡಿಲನ್ ಬಗ್ಗೆ ಹೇಳಿದ್ದು ಮಾತ್ರ ವಾಪಸ್ ಇಲ್ಲ.


ಹಳೇ ತಟ್ಟೆ (ಮೈಸೂರು)

ಡಿಲನ್ ನಿಮಗೇ ಇರಲಿ! ಐದನೇ ಮಗ್ಗುಲು ಹಾಕಿದಾಗಲೆಲ್ಲ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ.

1973ರಲ್ಲಿ ಈ ಆಲ್ಬಮ್‌ಗೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂತು. ವೇದಿಕೆ ಹತ್ತಿ ತೆಗೆದುಕೊಂಡವರು ರಿಂಗೋ. ಆ ಪ್ರಶಸ್ತಿ ಪಡೆದ ತಟ್ಟೆಯ ಮೊದಲ ಮಗ್ಗುಲಲ್ಲಿ ನಮ್ಮ ತಂಬೂರಿ ನುಡಿಯುತ್ತಿದೆ ಅನ್ನುವುದು ನನಗೆ ಬಹಳ ಹೆಮ್ಮೆ.


ತಂಬೂರಿ ತಂತಿ (ಧಾರವಾಡ)

ಒಂದು ವಾರ ಈ ಕಡೆ ಬರಲಾಗಲಿಲ್ಲ. ಅತ್ತೆಗೆ ಹುಷಾರಿರಲಿಲ್ಲ. ಅವರಿಗೆ 84 ವರ್ಷ. ಹಿಂದೆ ದಿಲ್‌ರುಬಾ ನುಡಿಸುತ್ತಿದ್ದರು, ಈಗ ಬೆರಳು ಮಣಿಯುವುದಿಲ್ಲ. ಕಣ್ಣೂ ಅಷ್ಟಕ್ಕಷ್ಟೇ. ರಾಕ್, ಪಾಪ್ ಅಂದರೆ ಅವರಿಗೆ ಏನೂ ಗೊತ್ತಿಲ್ಲ.

ನಿನ್ನೆ ಸಂಜೆ ಅವರ ಮಂಚದ ಹತ್ತಿರ ಕೂತು ಸುಮ್ನೆ ಇದನ್ನು ಹಚ್ಚಿದೆ. ಯಾರು ನುಡಿಸುವುದು, ಎಲ್ಲಿ, ಯಾವಾಗ, ಏನೂ ಹೇಳಲಿಲ್ಲ. ಇಂಗ್ಲಿಷ್ ಮಾತು ಬಂದಾಗ ಇದೇನು ಅನ್ನುವ ಹಾಗೆ ಮುಖ ಮಾಡಿದರು. ಶ್ರುತಿ ಶುರುವಾಯಿತು. ಹೊದಿಕೆ ಮೇಲಿದ್ದ ಬೆರಳು ಅಲುಗಿದವು. ಒಂದು ತಂತಿ ಸ್ವಲ್ಪ ಇಳಿದಿತ್ತೋ ಏನೋ, 'ಏರಿಸು, ಏರಿಸು' ಅಂತ ಪಿಸುಗುಟ್ಟಿದರು. ಆಮೇಲೆ ಉಸಿರು ಬಿಟ್ಟು, 'ಹಾಂ, ಸೇರಿತು' ಅಂದರು.

ಅದೇ ಹೊತ್ತಿಗೆ ಫೋನಿನಲ್ಲಿ ಚಪ್ಪಾಳೆ ಬಿತ್ತು.


ಹೊಸ ಕಿವಿ (ಹಾಸನ)

ಅಕ್ಕಾ, ಅಜ್ಜಿ ಪೂರ್ತಿ ಕೇಳಿದರಾ?


ತಂಬೂರಿ ತಂತಿ (ಧಾರವಾಡ)

ಪೂರ್ತಿ ಕೇಳಿದರು. ಮುಗಿದ ಮೇಲೆ, 'ಮುಂದೆ ಏನಿದೆ, ಅದೂ ಹಚ್ಚು' ಅಂದರು. ಮುಂದೆ 'ವಾ ವಾ' ಇತ್ತು. ಗಿಟಾರು, ಎರಡೆರಡು ಡ್ರಮ್, ಕಹಳೆ ಎಲ್ಲ ಒಟ್ಟಿಗೆ ನುಗ್ಗುವ ಹಾಡು. ದನಿ ಸಣ್ಣ ಮಾಡಲು ಹೋದೆ, ಬೇಡ, ಇರಲಿ ಅಂತ ಕೈ ಹಿಡಿದರು.